ಹನ್ನೊಂದು ವರ್ಷದ ಎಲ್ಕ್ ಅರ್ಜಿ

ಕೋಳಿ ಅಂಗಡಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವ ಮನುಷ್ಯ ನಾನು. ಅಂಥವನು ಒಂದು ಪ್ರಾಣಿಯನ್ನು ಕೊಲ್ಲುವ ಪರವಾನಗಿಗಾಗಿ ಹನ್ನೊಂದು ವರ್ಷ ಬಿಡದೆ ಅರ್ಜಿ ಹಾಕಿದೆ. ನನಗಾಗಿ ಅಲ್ಲ, ನನ್ನ ಅರ್ಬಾಬ್‌ಗಾಗಿ. ಹಾಗೆಂದು ಈ ವರ್ಷದ ಏಪ್ರಿಲ್‌ವರೆಗೆ ನಂಬಿಕೊಂಡಿದ್ದೆ.

ಅರ್ಬಾಬ್ ಎಂದರೆ ಯಜಮಾನರು. ಇಲ್ಲಿ, ಅರಬ್ಬರ ನಾಡಿನ ಅಲ್ ಮಬೇಲಾದಲ್ಲಿ, ಅವರದೊಂದು ಅಲ್ಯೂಮಿನಿಯಂ ಕಿಟಕಿ ಬಾಗಿಲು ಮಾಡುವ ವರ್ಕ್‌ಶಾಪ್ ಇದೆ. ಕೆಳಗೆ ಕಟಿಂಗ್ ಮೆಷೀನಿನ ಕಿರುಚಾಟ, ಮೇಲಿನ ಆಫೀಸಿನಲ್ಲಿ ನಾನು. ಮೂವತ್ತು ಜನ ಕೆಲಸಗಾರರ ವೀಸಾ, ಲೇಬರ್ ಕಾರ್ಡು, ಗಾಡಿಗಳ ನೋಂದಣಿ, ಅರ್ಬಾಬರ ಮನೆಯ ಕರೆಂಟ್ ದೂರು, ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ನಾನು ಕಳಿಸಿದ ಅರ್ಜಿ ತಪ್ಪೆಂದು ತಿರುಗಿ ಬಂದದ್ದಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬು ಎಂದು ಹೆಂಡತಿ ಹೇಳುತ್ತಾಳೆ. ಸ್ವಲ್ಪವಲ್ಲ, ಬೇಕಾದಷ್ಟಿತ್ತು.

ಕೆಲಸಕ್ಕೆ ಸೇರಿದ ಮೂರನೇ ವರ್ಷ ಅರ್ಬಾಬ್ ಒಂದು ಚೀಟಿ ತಂದು ನನ್ನ ಮೇಜಿನ ಮೇಲಿಟ್ಟರು. ಅಮೆರಿಕದ ಪಶ್ಚಿಮದ ಒಂದು ರಾಜ್ಯದ ವನ್ಯಜೀವಿ ಇಲಾಖೆಯ ವೆಬ್‌ಸೈಟ್ ವಿಳಾಸ ಅದರಲ್ಲಿತ್ತು. ಎಲ್ಕ್ ಬೇಟೆಗೆ ಅರ್ಜಿ ಹಾಕಬೇಕಂತೆ. ಎಲ್ಕ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ, ಹುಡುಕಿ ನೋಡಿದೆ. ಮೈಸೂರು ಮೃಗಾಲಯದಲ್ಲಿ ಕಡವೆಯನ್ನು ಕಂಡಿದ್ದೆ, ಇದು ಅದರ ದೊಡ್ಡಣ್ಣ. ಕುದುರೆಯ ಎತ್ತರ, ತಲೆಯ ಮೇಲೆ ಎಲೆ ಉದುರಿದ ಮರದಂಥ ಕೊಂಬು. ಇದನ್ನು ಹೊಡೆಯಲು ಲಾಟರಿ! ಅರ್ಜಿ ಹಾಕಿದವರಲ್ಲಿ ಕೆಲವರ ಹೆಸರು ಮಾತ್ರ ಎತ್ತುತ್ತಾರೆ. ಎತ್ತದೇ ಹೋದವರಿಗೆ ಒಂದು ಅಂಕ. ಅಂಕ ಹೆಚ್ಚಾದಷ್ಟೂ ಮುಂದಿನ ವರ್ಷ ಅವಕಾಶ ಹೆಚ್ಚು. ಫೇಲಾದವನಿಗೆ ಅಂಕ ಕೊಡುವ ಪರೀಕ್ಷೆಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಅದೂ ಕೊಲ್ಲುವುದಕ್ಕೆ! ಬೆಚ್ಚಿಬಿದ್ದು ಅವರ ಮುಖ ನೋಡಿದೆ.

ಅವರು ನನ್ನೆದುರು ಕುಳಿತು ಕಾರಣ ಹೇಳಿದರು. ನಮ್ಮಿಬ್ಬರ ನಡುವೆ ಓಡುತ್ತಿದ್ದುದು ಮುರುಕು ಹಿಂದಿ, ಅದರ ಮೇಲೆ ಒಂದಿಷ್ಟು ಅರಬ್ಬಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಇಪ್ಪತ್ತೈದರ ವಯಸ್ಸಿನಲ್ಲಿ ಎಣ್ಣೆ ಬಾವಿಯ ಕೆಲಸ ಕಲಿಯಲು ಅವರನ್ನು ಅಮೆರಿಕಕ್ಕೆ ಕಳಿಸಿದ್ದರಂತೆ. ಒಂದು ಬೆಳಗಿನ ಜಾವ ಗುಡ್ಡದ ಅಂಚಿನಲ್ಲಿ ಒಂದು ಗಂಡು ಎಲ್ಕ್ ನಿಂತು ಕೂಗಿತಂತೆ.

"ಅಷ್ಟು ದೊಡ್ಡ ಪ್ರಾಣಿ, ಕೂಗಿದ್ದು ಮಾತ್ರ ಕೊಳಲಿನ ಹಾಗೆ," ಎಂದರು. "ನಮ್ಮ ಅಪ್ಪ ಇಬ್ರಾ ಕಡೆಯ ಬೆಟ್ಟಗಳಲ್ಲಿ ಬೇಟೆ ಆಡ್ತಿದ್ದರು. ನಾನು ದೊಡ್ಡವನಾಗೋ ಹೊತ್ತಿಗೆ ಇಲ್ಲಿ ಬೇಟೆ ನಿಂತಿತು. ನಿಂತಿದ್ದು ಒಳ್ಳೇದೇ, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಒಂದೂ ಉಳೀತಿರಲಿಲ್ಲ. ನನಗೆ ಒಂದೇ ಒಂದು ಸಲ ಸಾಕು, ಸದೀಕ್. ಕಾನೂನು ಪ್ರಕಾರ, ಚೀಟಿ ಕೈಲಿ ಹಿಡ್ಕೊಂಡು."

ಸದೀಕ್, ಅಂದರೆ ಗೆಳೆಯ, ಎಂದು ಕರೆದು ಕಾನೂನು, ಚೀಟಿ ಎಂದ ಮೇಲೆ ನಾನು ಕರಗಿಬಿಟ್ಟೆ. ಆ ಸಂಜೆಯೇ ಅರ್ಜಿ ತುಂಬಿದೆ.

ಮೊದಲ ವರ್ಷ ಸಿಗಲಿಲ್ಲ. ಎರಡನೆಯ ವರ್ಷವೂ ಇಲ್ಲ. ಪ್ರತಿ ವಸಂತದಲ್ಲಿ ಇಲಾಖೆಯ ಮೇಲ್ ಬರುತ್ತಿತ್ತು, ನಾನು ಪ್ರಿಂಟ್ ತೆಗೆದು ಹಸಿರು ಫೈಲಿಗೆ ಹಾಕುತ್ತಿದ್ದೆ. "ಎಷ್ಟಾಯ್ತು?" ಎಂದು ಅರ್ಬಾಬ್ ಕೇಳುತ್ತಿದ್ದರು. "ನಾಲ್ಕು," "ಐದು," ಎನ್ನುತ್ತಿದ್ದೆ. ಅವರು ಮಗುವಿನ ಪ್ರಾಯ ಕೇಳಿದವರಂತೆ ತಲೆಯಾಡಿಸುತ್ತಿದ್ದರು.

ಅಂಕ ಬೆಳೆಯುತ್ತ ಹೋದಂತೆ ನಮ್ಮ ತಯಾರಿಯೂ ಬೆಳೆಯಿತು. ಗುರುವಾರ ಕೆಲಸ ಮುಗಿದ ಮೇಲೆ ಆ ಕಾಡಿನ ಉಪಗ್ರಹ ಚಿತ್ರವನ್ನು ದೊಡ್ಡ ಸ್ಕ್ರೀನಿನಲ್ಲಿ ತೆರೆದು ಇಬ್ಬರೂ ಕೂರುತ್ತಿದ್ದೆವು. ನೀರಿನ ಗುಂಡಿ ಎಲ್ಲಿ, ಹುಲ್ಲು ಎಲ್ಲಿ, ಮಧ್ಯಾಹ್ನ ಬಿಸಿಲೇರಿದಾಗ ಅದು ಎಲ್ಲಿ ಮಲಗೀತು. "ನೀನಾಗಿದ್ದರೆ ಎಲ್ಲಿ ಮಲಗ್ತಿದ್ದೆ, ಹೇಳು," ಎನ್ನುವರು. ನಾನು ಗುಡ್ಡದ ಉತ್ತರದ ನೆರಳು ತೋರಿಸಿದರೆ, "ಶಾಬಾಶ್" ಎಂದು ಬೆನ್ನು ತಟ್ಟುವರು. ಮುದ್ರಿಸಿದ ನಕ್ಷೆಯ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕುವ ಕೆಲಸ ನನ್ನದು. ಗಾಳಿ ಈ ಕಡೆಯಿಂದ ಬೀಸಿದರೆ ಇಲ್ಲಿ ನಿಲ್ಲಬೇಕು, ಆ ಕಡೆಯಿಂದಾದರೆ ಅಲ್ಲಿ. ಹೇಳಲು ನಾಚಿಕೆಯಾಗುತ್ತದೆ, ನನಗೆ ಅದು ಬಹಳ ಖುಷಿ ಕೊಡುತ್ತಿತ್ತು.

ಚಳಿಗಾಲದ ಶುಕ್ರವಾರಗಳಲ್ಲಿ ಇಬ್ರಾ ಹತ್ತಿರದ ಅವರ ಊರಿಗೆ ಹೋಗಿ ಬೆಟ್ಟ ಹತ್ತುವುದೂ ಶುರುವಾಯಿತು. ಅವರ ಬೆನ್ನಚೀಲದಲ್ಲಿ ಹತ್ತು ಲೀಟರ್ ನೀರು, ಅಭ್ಯಾಸಕ್ಕೆ. ನನ್ನದರಲ್ಲಿ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನ. ಬಂದೂಕು ಇಲ್ಲ, ದುರ್ಬೀನು ಮಾತ್ರ. ದುರ್ಬೀನನ್ನು ಸುಮ್ಮನೆ ಓಡಿಸಬಾರದು, ಎದುರಿನ ಬೆಟ್ಟವನ್ನು ಪುಟದ ಹಾಗೆ ಸಾಲು ಸಾಲಾಗಿ ಓದಬೇಕು ಎಂದು ಕಲಿಸಿದರು. ಒಂದು ಬೆಳಿಗ್ಗೆ ಎರಡು ತಾಸು ಬರೀ ಕಲ್ಲನ್ನೇ ಓದಿ ಕಣ್ಣು ನೀರಾಡುತ್ತಿರುವಾಗ ಒಂದು ಕಲ್ಲು ಕಿವಿಯಾಡಿಸಿತು. ಅದು ಚಿಂಕಾರದಂಥ ಒಂಟಿ ಜಿಂಕೆ. ನೇರವಾಗಿ ನನ್ನನ್ನೇ ನೋಡುತ್ತಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು, ಅದು ನಿಧಾನವಾಗಿ ಏರು ಹತ್ತಿ ಮರೆಯಾಗುವವರೆಗೂ.

ಈ ಏಪ್ರಿಲ್‌ನ ಒಂದು ಶುಕ್ರವಾರ ಬೆಳಿಗ್ಗೆ ದೋಸೆ ತಿನ್ನುತ್ತಿದ್ದೆ. ಫೋನಿಗೆ ಮೇಲ್ ಬಂತು. ಕೈಯೆಲ್ಲ ಚಟ್ನಿ, ಕನ್ನಡಕ ಒಳಗಿತ್ತು. ಎದುರಿಗಿದ್ದ ಮಗಳಿಗೆ ಓದಲು ಹೇಳಿದೆ. ಅವಳು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೊಂದನೇ ಕ್ಲಾಸು.

"ಅಪ್ಪಾ, ಯೂ ಆರ್ ಗೋಯಿಂಗ್ ಹಂಟಿಂಗ್?" ಎಂದಳು.

ಸಿಕ್ಕಿತು! "ನಾನಲ್ಲ ಕಣೇ, ಅರ್ಬಾಬ್," ಎಂದೆ.

"ನೋ. ಇಟ್ ಸೇಸ್ ಯುವರ್ ನೇಮ್."

ಎಂಜಲು ಕೈಯಲ್ಲೇ ಫೋನು ಕಿತ್ತುಕೊಂಡೆ. ಅಭಿನಂದನೆಗಳು ಎಂದಿತ್ತು. ಕೆಳಗೆ ಪೂರ್ಣ ಅಕ್ಷರಗಳಲ್ಲಿ, ನನ್ನ ಅಪ್ಪನ ಹೆಸರಿನ ಸಮೇತ, ನನ್ನ ಹೆಸರು. ಒಂದು ಗಂಡು ಎಲ್ಕ್ ಹೊಡೆಯಲು ನನಗೆ ಅನುಮತಿ.

ದೋಸೆ ಅಲ್ಲೇ ಬಿಟ್ಟು ಆಫೀಸಿಗೆ ಹೋಗಿ ಬೀಗ ತೆಗೆದೆ. ಹಸಿರು ಫೈಲಿನ ಹತ್ತು ರಶೀದಿಗಳನ್ನೂ ಮೇಜಿನ ಮೇಲೆ ಹರಡಿದೆ. ಹತ್ತರ ತಲೆಯ ಮೇಲೂ ನನ್ನ ಹೆಸರು. ಹತ್ತು ವರ್ಷ ಈ ಹೆಸರನ್ನು ನಾನು ನೋಡಿದ್ದೇನೆ, ನೋಡಿ ತೂತು ಹೊಡೆದು ಫೈಲಿಗೆ ಹಾಕಿದ್ದೇನೆ. ಒಂದು ಸಲವೂ ಅನುಮಾನ ಬರಲಿಲ್ಲ. ಯಾಕೆ ಬರಬೇಕು? ಇಲ್ಲಿನ ಅರ್ಜಿಗಳಲ್ಲಿ ಮೊದಲು ತುಂಬುವವನು ತನ್ನ ಹೆಸರಿನಲ್ಲಿ ಖಾತೆ ತೆರೆಯುತ್ತಾನೆ, ಆಮೇಲೆ ಯಾರಿಗಾಗಿಯೋ ಅವರ ವಿವರ ಸೇರಿಸುತ್ತಾನೆ. ಯಾರ ವೀಸಾ ಆದರೇನು, ಯಾರ ಗಾಡಿಯಾದರೇನು, ರಶೀದಿ ನನ್ನ ಹೆಸರಿಗೇ ಬರುತ್ತದೆ. ಆ ಚಾಳಿಯಲ್ಲೇ ಅಮೆರಿಕದ ಖಾತೆಯನ್ನೂ ತೆರೆದಿದ್ದೆ, ನನ್ನ ಪಾಸ್‌ಪೋರ್ಟ್ ನಂಬರ್ ಹಾಕಿ. ಅರ್ಬಾಬರ ಹೆಸರನ್ನು ಎರಡನೇ ಪುಟದಲ್ಲಿ ಬರೆದಿದ್ದೆ. ಆ ಪುಟವನ್ನು ಈಗ ತೆರೆದು ಓದಿದೆ. ಬೇಟೆಗಾರನಿಗೆ ಅಪಾಯವಾದರೆ ಯಾರಿಗೆ ತಿಳಿಸಬೇಕು ಎಂದು ಕೇಳಿತ್ತು.

ಆ ಸಾಲನ್ನು ಇನ್ನೊಮ್ಮೆ ಓದಿದೆ. ಕೆಳಗೆ ರಜೆಯ ದಿನದ ಮೌನ. ಯಾರಾದರೂ ಬಂದು ಬಯ್ಯಬಾರದೇ ಎನ್ನಿಸಿತು.

ಸೋಮವಾರ ಸಂಜೆ, ಅಲ್ಲಿನ ಬೆಳಗು ನೋಡಿಕೊಂಡು, ಇಲಾಖೆಗೆ ಫೋನ್ ಮಾಡಿದೆ. ಫೋನೆತ್ತಿದ ಹೆಂಗಸು ತುಂಬ ಸೌಮ್ಯವಾಗಿ ಹೇಳಿದಳು: ಪರವಾನಗಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಲಾಗದು, ಅಂಕವೂ ಅಷ್ಟೇ. ಬೇಡವೆಂದರೆ ಹಿಂತಿರುಗಿಸಬಹುದು, ಆಗ ಅಂಕಗಳು ನಷ್ಟವಾಗುವುದಿಲ್ಲ. ಯಾರಿಗೆ ನಷ್ಟವಾಗುವುದಿಲ್ಲ ಎಂದು ಕೇಳಿದೆ. "ನಿಮಗೇ ಸರ್," ಎಂದಳು, ಸಮಾಧಾನ ಮಾಡುವವಳಂತೆ.

ಮರುದಿನ ಅರ್ಬಾಬರ ಫೋನ್. "ಬಂತಾ?"

"ಇನ್ನೂ ಇಲ್ಲ," ಎಂದೆ. ನನ್ನ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಬಂದದ್ದು ಕೇಳಿ ನಾನೇ ದಂಗಾದೆ. ಅದಕ್ಕೂ ಮರುದಿನ ಮತ್ತೆ ಕೇಳಿದರು, ಮತ್ತೆ ಅದೇ ಹೇಳಿದೆ.

ಹೆಂಡತಿ ಎಷ್ಟೆಂದು ಸಹಿಸಿಯಾಳು? "ರೀ, ಮನೇಲಿ ಹೀಗೆ ಗರ ಬಡಿದೋರ ಥರ ಕೂತ್ರೆ ಆಗುತ್ತಾ? ತಪ್ಪು ಮಾಡಿದೀರ. ಹೋಗಿ ಒಪ್ಕೊಳ್ಳಿ. ಅವರು ಕೆಲಸದಿಂದ ತೆಗೆದ್ರೆ ಊರಿಗೆ ಹೋಗೋಣ, ಅಷ್ಟೇ ತಾನೆ?" ಎಂದಳು. ಕೆಲಸ ಹೋಗುವ ಭಯ ನನಗಿರಲಿಲ್ಲ. ಆ ಮುಖವನ್ನು ನೋಡಬೇಕಲ್ಲ, ಅದೇ ಆಗುತ್ತಿರಲಿಲ್ಲ.

ಮುಂದಿನ ಶುಕ್ರವಾರ ಅವರ ಊರಿಗೆ ಒಬ್ಬನೇ ಗಾಡಿ ಓಡಿಸಿಕೊಂಡು ಹೋದೆ. ಅರ್ಬಾಬ್ ಮಜ್ಲಿಸ್‌ನಲ್ಲಿ, ಬಂದವರನ್ನು ಕೂರಿಸುವ ಆ ಉದ್ದ ಕೋಣೆಯಲ್ಲಿ, ದಿಂಬಿಗೆ ಒರಗಿದ್ದರು. ಬಲಗಾಲನ್ನು ಉದ್ದಕ್ಕೆ ಚಾಚಿ ಮಂಡಿಯ ಮೇಲೆ ಐಸ್ ಚೀಲ ಇಟ್ಟುಕೊಂಡಿದ್ದರು. ಮಂಡಿ ಊದಿ ತೆಂಗಿನಕಾಯಿಯಷ್ಟಾಗಿತ್ತು. ಬೆಟ್ಟದಲ್ಲಿ ಎರಡು ವರ್ಷದಿಂದ ಅವರು ನನಗಿಂತ ಹಿಂದೆ ಉಳಿಯುತ್ತಿದ್ದುದನ್ನು ಕಂಡಿದ್ದೆ, ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದೆ.

"ಡಾಕ್ಟರು ಮಂಡಿ ಬದಲಾಯಿಸಿ ಅಂತ ಎರಡು ವರ್ಷದಿಂದ ಹೇಳ್ತಿದಾರೆ," ಎಂದರು. "ನಾನೇ ಮುಂದೂಡ್ತಾ ಇದೀನಿ. ಬದಲಾಯಿಸಿದ ವರ್ಷವೇ ಪರವಾನಗಿ ಬಂದುಬಿಟ್ಟರೆ ಬೆಟ್ಟ ಹತ್ತೋದು ಹೇಗೆ? ಇನ್ನೂ ಸ್ವಲ್ಪ ದಿನ ನೋವು ತಡೀಬಹುದು. ಹೇಳು, ಬಂತಾ?"

ಎರಡು ವರ್ಷ ಈ ನೋವನ್ನು ಇವರು ಸಾಕಿದ್ದು ನನ್ನ ಹೆಸರಿನ ಚೀಟಿಗಾಗಿ! ಎಲ್ಲವನ್ನೂ ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಫೈಲನ್ನು ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ನನ್ನ ಹೆಸರು ಎಲ್ಲೂ ಇಲ್ಲವಾ?" ಎಂದು ಕೇಳಿದರು.

"ಇದೆ. ನನಗೆ ಏನಾದರೂ ಆದರೆ ನಿಮಗೆ ತಿಳಿಸ್ತಾರೆ."

ನಗುತ್ತಾರೇನೋ ಎಂದು ಒಂದು ಗಳಿಗೆ ಆಸೆಪಟ್ಟೆ. ನಗಲಿಲ್ಲ. ಮುಂದಿನ ವರ್ಷ ಅವರ ಹೆಸರಿನಲ್ಲೇ ಹಾಕುತ್ತೇನೆ ಎಂದು ತೊದಲಿದೆ. "ಸೊನ್ನೆಯಿಂದಲಾ? ನನಗೆ ಎಪ್ಪತ್ಮೂರು," ಎಂದರು. ಆಮೇಲೆ ಮುಂದಕ್ಕೆ ಬಾಗಿ, "ಜೊತೆಗೆ ಇನ್ನೊಬ್ಬರು ಹೋಗಬಹುದಾ, ಬಂದೂಕು ಇಲ್ಲದೆ?" ಎಂದು ಕೇಳಿದರು.

ಹೋಗಬಹುದೆಂದೆ.

"ಹಾಗಾದರೆ ನಾನು ಕೆಳಗೆ ಕೂತಿರ್ತೀನಿ. ನೀನು ಮೇಲೆ ಹೋಗಿ ಹೊಡಿ. ಅದರ ಕೂಗು ಕೇಳಿದರೂ ಸಾಕು ನನಗೆ."

ಅವರ ಕಣ್ಣಲ್ಲಿ ಮತ್ತೆ ಆಸೆ ಹೊತ್ತಿತ್ತು. ನಾನು ಮಾಡಿದ್ದಕ್ಕೆ ಅಷ್ಟಾದರೂ ಮಾಡಬೇಕಿತ್ತು. ಆದರೆ ಬಂದೂಕು ನನ್ನ ಕೈಯಲ್ಲಿ, ಎದುರಿಗೆ ಆ ಪ್ರಾಣಿ ಎಂದು ನೆನೆದೊಡನೆ ಫೈಲನ್ನು ನನ್ನ ಕಡೆಗೆ ಎಳೆದುಕೊಂಡೆ. "ಅರ್ಬಾಬ್, ನನ್ನಿಂದ ಕೊಲ್ಲೋಕೆ ಆಗಲ್ಲ," ಎಂದೆ.

"ಆಗಲ್ವಾ?" ಅವರ ದನಿ ಏರಿತು. "ಎಲ್ಲಿ ಮಲಗುತ್ತೆ, ಎಲ್ಲಿ ನಿಂತು ಹೊಡೀಬೇಕು, ಎಲ್ಲ ಗುರುತು ಹಾಕಿದ್ದು ಯಾರು? ನನ್ನ ಕೈಯಲ್ಲಿ ಸತ್ತರೆ ಅದು ಸಾವಲ್ವಾ?"

ಹನ್ನೊಂದು ವರ್ಷದಲ್ಲಿ ನಾನು ಆ ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ. ಅರ್ಜಿ ಸರಿಯಿದ್ದರೆ ಸಾಕಿತ್ತು ನನಗೆ. ಅರ್ಜಿಯೂ ಸರಿಯಿರಲಿಲ್ಲ. ಜಾರುತ್ತಿದ್ದ ಐಸ್ ಚೀಲವನ್ನು ಎತ್ತಿ ಅವರ ಮಂಡಿಯ ಮೇಲೆ ಸರಿಯಾಗಿಟ್ಟೆ.

"ಖಲಾಸ್," ಎಂದರು ಕೊನೆಗೆ. "ವಾಪಸ್ ಕಳಿಸಿಬಿಡು. ಬೇರೆ ಯಾರಿಗಾದರೂ ಸಿಗಲಿ. ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡು. ಆ ಫಾರಂನಲ್ಲಾದರೂ ನನ್ನ ಹೆಸರು ಬರಿ."

ಫಾರಂ ತುಂಬಿ ಭಾನುವಾರ ಅವರ ಮುಂದಿಟ್ಟೆ. ಹದಿಮೂರು ವರ್ಷದಿಂದ ನಾನು ಇಟ್ಟ ಕಾಗದಕ್ಕೆಲ್ಲ, ಫೋನಿನಲ್ಲಿ ಮಾತಾಡುತ್ತಲೇ, ನೋಡದೆ ಸಹಿ ಹಾಕುತ್ತಿದ್ದವರು ಅವರು. ಅಂದು ಕನ್ನಡಕ ತರಿಸಿಕೊಂಡರು. ಮೊದಲ ಸಾಲಿನಿಂದ ಶುರುಮಾಡಿ, ಪ್ರತಿ ಅಕ್ಷರದ ಕೆಳಗೂ ಬೆರಳಿಟ್ಟು, ಕೊನೆಯವರೆಗೆ ಓದಿದರು. ಸಹಿ ಹಾಕುವ ಮುನ್ನ ಇನ್ನೊಮ್ಮೆ ಓದಿದರು. ನಾನು ನಿಂತೇ ಇದ್ದೆ.