ಬೀಜದ ಜೋಳಕ್ಕೆ ಕೂತ ಧೂಳು

ಮೊಮ್ಮಕ್ಕಳೇ, ನೀವು ತಿನ್ನುವ ಬಿಳಿ ಜೋಳದ ರೊಟ್ಟಿ ನನ್ನ ಅತ್ತೆ ಕೊಟ್ಟ ಬೀಜದ್ದು. ಒಮ್ಮೆ ಅದು ಕೈ ತಪ್ಪುವುದರಲ್ಲಿತ್ತು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊಲದ ಮೂಡಣ ಬದುವಿನಾಚೆ ಕಲ್ಲು ಒಡೆದು ಕಡಿ ಮಾಡುವ ಮಷೀನು ಬಂದ ವರ್ಷ, ಜೋಳದ ಎಲೆಗಳ ಮೇಲೆ ಹಿಟ್ಟು ಜರಡಿ ಹಿಡಿದಂತೆ ಧೂಳು ಕೂತಿತು. ತೆನೆಗೆ ಹೂ ಬಂದಾಗ ಹೂವನ್ನೂ ಮುಚ್ಚಿತು. ತೆನೆ ನೋಡಲು ಉದ್ದ. ತಿಕ್ಕಿದರೆ ಅಂಗೈಯಲ್ಲಿ ಬರೀ ಜೊಳ್ಳು. ಸಿಕ್ಕ ಕಾಳಿನ ಹಿಟ್ಟಿಗೆ ಜಿಗಿಯೇ ಇಲ್ಲ, ಬಡಿಯುವಾಗಲೇ ರೊಟ್ಟಿಯ ಅಂಚು ಒಡೆಯುತ್ತಿತ್ತು. ಮರುವರ್ಷ, ಬೂದಿ ಬೆರೆಸಿ ಗಡಿಗೆಯಲ್ಲಿಟ್ಟಿದ್ದ ಹಳೆಯ ಬೀಜವನ್ನೆಲ್ಲ ಬಿತ್ತಿದೆವು. ಈ ಸಲವೂ ಕಾಳು ಕಟ್ಟದಿದ್ದರೆ ಆ ಜೋಳ ಮುಗಿದಂತೆ.

ಎಳ್ಳಮಾವಾಸ್ಯೆ ಬಂತು. ಹೊಲದಲ್ಲಿ ಅಡುಗೆ ಎರಚಿ ಭೂತಾಯಿಗೆ ಉಣಿಸುವ ಚರಗದ ದಿನ. ತೆನೆಗಳು ಆಗಷ್ಟೇ ಹೂ ಒಡೆಯುತ್ತಿದ್ದವು. ಮಷೀನು ಓಡುತ್ತಿತ್ತು, ಗಾಳಿ ನಮ್ಮ ಕಡೆಗೇ.

ನಿಮ್ಮ ಅವ್ವ ಮಷೀನಿನ ಆಳುಗಳನ್ನು ನಡೆಸುವ ಮುಕಾದಮನಿಗೆ ಹಿಂದೆಯೇ ಹೇಳಿ ನೋಡಿದ್ದಳು. "ಗಾಳಿಗೆ ನಾ ಏನ್ ಹೇಳ್ಲಿ ಅಕ್ಕಾರ?" ಎಂದು ನಕ್ಕಿದ್ದ. ಆ ದಿನ ಅವನೇ ಬದುವಿನ ಮೇಲೆ ಹೊರಟಿದ್ದ. ಚರಗದ ದಿನ ಹೊಲದ ಹತ್ತಿರ ಸುಳಿದವರನ್ನು ನಾವು ಉಣಿಸದೆ ಕಳಿಸುವುದಿಲ್ಲ. ಸೆರಗು ಎಳೆದುಕೊಂಡು ನಾನೇ ಕರೆದೆ.

"ಬರ್ರಿ, ಕುಂದ್ರಿ. ಒಂದ್ ತುತ್ತು ಉಂಡ್ ಹೋಗ್ರಿ."

"ಆಕಡಿ ಬೇವಿನ ಗಿಡದ ಬುಡಕ್ಕ ತಂದ್ ಕೊಡ್ರಿ ಆಯಿ. ಇಲ್ಲೆ ಭಾಳ ಧೂಳ ಐತಿ."

"ಚರಗದ ಊಟ ಬೆಳಿ ನಡುವನ ಉಣ್ಣೂದ್ರಿ," ಎಂದಳು ನಿಮ್ಮ ಅವ್ವ. "ಧೂಳೇನ್ ನಿಮಗ ಹೊಸಾದ?"

ಇಲ್ಲವೆನ್ನಲಾಗದೆ ಕೂತ. ಸಜ್ಜಿ ರೊಟ್ಟಿ ಮುರಿದು ಬಾಯಿಗಿಟ್ಟ. ಹಲ್ಲಿಗೆ ಕರಕ್ ಎಂದಿತು. ನಮ್ಮ ಬಾಯಲ್ಲೂ ಅದೇ ಸದ್ದು. ಚರಗದ ತುತ್ತು, ಉಗುಳುವಂತಿಲ್ಲ. ಅವನು ಅಗಿಯುವುದನ್ನು ನಿಲ್ಲಿಸಿದ. ಸಿಟ್ಟಿಗೆದ್ದು ಹೋದನೆಂದರೆ ಎಲ್ಲ ಮುಗಿಯಿತು ಎಂದುಕೊಂಡು ನೀರಿನ ತಂಬಿಗೆ ಅವನ ಕಡೆ ಸರಿಸಿದೆ.

ತಲೆ ಎತ್ತದೆ ಹೇಳಿದೆ: "ಹೂ ಮುಂಜಾನಿ ಅರಳತೈತ್ರಿ. ಕಾಳ ಕಟ್ಟೂತನಕ ಹೊತ್ತೇರಿದ ಮ್ಯಾಲ ಮಷೀನ್ ಚಾಲೂ ಮಾಡ್ರಿ. ಇದ ಬೀಜ ಉಳದೈತಿ, ಮನ್ಯಾಗ ಬ್ಯಾರೆ ಇಲ್ಲ."

ಅವನು ನೀರು ಕುಡಿದು ತುತ್ತು ನುಂಗಿದ. "ಮಾಲಕಗ ಕೇಳ್ಬೇಕ್ರಿ," ಎಂದು ಎದ್ದ. ಮಷೀನು ಸಂಜೆಯವರೆಗೂ ನಿಲ್ಲಲಿಲ್ಲ.

ಮರುದಿನ ಬೆಳಗಾದರೂ ಸದ್ದಿಲ್ಲ. ನಾನು ಅಂಗಳದಲ್ಲೇ ಕಿವಿಗೊಟ್ಟು ನಿಂತಿದ್ದೆ. ಬಿಸಿಲೇರಿದ ಮೇಲೆ ಗರಗರ ಶುರುವಾಯಿತು. ಮುಂದೆಯೂ ಹಾಗೇ ನಡೆಯಿತು. ನಡುವೆ ಕೆಲವು ದಿನ ಮಾತ್ರ ಬೆಳಕು ಹರಿಯುವ ಮೊದಲೇ ಓಡಿಸಿದರು, ಆಗೆಲ್ಲ ನಾನು ಚಹಾ ಅಲ್ಲೇ ಬಿಟ್ಟು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ.

ಬದುವಿನ ಹತ್ತಿರದ ಸಾಲುಗಳು ಆ ವರ್ಷವೂ ದನಕ್ಕೇ ಹೋದವು. ಪಡುವಣ ಕಡೆ ಕಾಳು ಕಟ್ಟಿತ್ತು. ಅಲ್ಲಿಂದ ದಪ್ಪ ತೆನೆ ಆರಿಸಿ ತಂದೆ. ಗಡಿಗೆ ತುಂಬಲಿಲ್ಲ, ಆದರೆ ಬೂದಿ ಬೆರೆಸಿ ಅದರ ಬಾಯಿಗೆ ಬಟ್ಟೆ ಕಟ್ಟಿಡುವಷ್ಟು ಬೀಜ ಬಂತು.

ಮಷೀನು ಇನ್ನೂ ಅಲ್ಲೇ ಇದೆ. ಹೂ ಬರುವ ದಿನಗಳಲ್ಲಿ, ಹಾಸಿಗೆಯಿಂದ ಏಳುವ ಮೊದಲೇ ನನ್ನ ಕಿವಿ ಮೂಡಣಕ್ಕೆ ಹೋಗುತ್ತದೆ.