ಬಿಸಿ ಇತ್ತು ಅಂದೆ

ಆ ಪ್ಲಾಸ್ಟಿಕ್ ಚೌಕಟ್ಟನ್ನು ಹಾಳು ಮಾಡಿದವಳು ನಾನು. ನನ್ನ ಸೊಸೆ ಸರೋಜ ಅಲ್ಲ. ಆ ಹೊತ್ತಿನಲ್ಲಿ ಅವಳು ಮನೆಯಲ್ಲೇ ಇರಲಿಲ್ಲ. ಮರೆವೂ ಅಲ್ಲ, ಗ್ರಹಚಾರವೂ ಅಲ್ಲ, ಕರೆಂಟಿನ ಹೆಚ್ಚುಕಮ್ಮಿಯೂ ಅಲ್ಲ — ನಾನು ಕೆಡಿಸಿದೆ, ಅವಳ ತಲೆಗೆ ಕಟ್ಟಿದೆ, ಅವಳು ನಂಬಿದಳು. ನಡೆದದ್ದು ಇಷ್ಟೇ.

ಇಷ್ಟು ಬರೆದ ಮೇಲೆ ಸುಮ್ಮನೆ ಕೂರಬಹುದಿತ್ತು. ಕೂರಲಾಗುತ್ತಿಲ್ಲ. ಎದ್ದು ಬಚ್ಚಲ ಕಡೆ ಹೋಗುತ್ತೇನೆ, ಏನಕ್ಕೆ ಹೋದೆ ಅಂತ ತಿಳಿಯದೆ ತಿರುಗಿ ಬಂದು ಪೆನ್ನು ಹಿಡಿಯುತ್ತೇನೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ಕೈ. ಅಕ್ಷರ ಸೊಟ್ಟಗೆ ಬರುತ್ತಿದೆ. ಬರಲಿ.

ನಮ್ಮದು ಶಿಡ್ಲಘಟ್ಟ. ಮದುವೆಯಾಗಿ ಬಂದಾಗಿನಿಂದ ನಾನು ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ದುಡಿದವಳು. ಕುದಿಯುವ ನೀರಲ್ಲಿ ಗೂಡುಗಳು ತೇಲುತ್ತಿರುತ್ತವೆ, ಬೆರಳು ಹಾಕಿ ಎಳೆಯ ತುದಿ ಹಿಡಿಯಬೇಕು. ಗಂಡ ಹೋದ ಮೇಲೂ ಅದೇ ಕೆಲಸ. ಮಗ ಮಂಜುನಾಥ ಟಿ.ವಿ. ರಿಪೇರಿ ಕಲಿತ. ಎರಡು ಸಾವಿರದ ನಾಲ್ಕೋ ಐದೋ ಇಸವಿ ಇರಬೇಕು, ಊರೂರಲ್ಲಿ ವಿಡಿಯೋ ಗೇಮ್ ಅಂಗಡಿಗಳು ಬಾಗಿಲು ಹಾಕತೊಡಗಿದ್ದವು. ಕಾಸು ಹಾಕಿ ನಿಂತುಕೊಂಡು ಆಡುವ, ಬೀರುವಿನಷ್ಟು ಎತ್ತರದ ಆ ಹಳೇ ಪೆಟ್ಟಿಗೆಗಳು ಗುಜರಿಗೆ ಬೀಳುತ್ತಿದ್ದವು. ಅವನ್ನೇ ಕೆಲವರು ಹುಡುಕಿ ತಂದು, ‘ಮೊದಲು ಹೆಂಗಿತ್ತೋ ಹಂಗೇ ಮಾಡಿಕೊಡಿ’ ಅನ್ನತೊಡಗಿದರು. ಮನೆಯ ಮುಂದಿನ ಚಪ್ಪರದಡಿ ಮಂಜ ಒಂದು ಬೆಂಚು ಹಾಕಿ ಆ ಕೆಲಸ ಹಿಡಿದ.

ಒಳಗಿನ ತಂತಿ, ಪಿಕ್ಚರ್ ಟ್ಯೂಬು ಅವನಿಗೆ ಲೆಕ್ಕಕ್ಕಿಲ್ಲ. ಹೊರಗಿನ ಪ್ಲಾಸ್ಟಿಕ್ಕೇ ತಲೆನೋವು. ಹಳೆಯದು ಒಡೆದಿರುತ್ತದೆ, ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಗೌರಿಬಿದನೂರಿನಲ್ಲಿ ಒಬ್ಬರು ಹಳೆಯದರಿಂದ ಅಚ್ಚು ತೆಗೆದು ಹೊಸದು ಮಾಡಿಕೊಡುತ್ತಿದ್ದರು. ನೋಡಲು ಅದೇ, ಕೂರಿಸಲು ಹೋದರೆ ಕೂರುವುದಿಲ್ಲ. ಪ್ಲಾಸ್ಟಿಕ್ಕು ಆರುವಾಗ ಕುಗ್ಗುತ್ತದಂತೆ. ಈ ಮೂಲೆ ಅಮುಕಿದರೆ ಆ ಮೂಲೆ ಏಳುತ್ತದೆ, ತೂತಿನ ಎದುರಿಗೆ ತೂತು ಬರುವುದಿಲ್ಲ. ಮಂಜ ಸಿಟ್ಟಿನಲ್ಲಿ ಸ್ಕ್ರೂ ಬಿಗಿದು ಬಿಗಿದು ಸೀಳಿಬಿಡುತ್ತಿದ್ದ. ಒಂದು ದಿನ ನಾನೇ, ‘ಕೊಡೋ ಇಲ್ಲಿ’ ಅಂದು ಕಿತ್ತುಕೊಂಡು, ಹಂಡೆಯ ಬಿಸಿನೀರಿಗೆ ಅದ್ದಿ, ಮೆತ್ತಗಾದದ್ದನ್ನು ಪೆಟ್ಟಿಗೆಯ ಮರದ ಮೇಲೆ ಎಳೆದು, ಆರುವ ತನಕ ಅಮುಕಿ ಹಿಡಿದೆ. ಕೂತಿತು. ಅಲ್ಲಿಂದ ನನಗೊಂದು ಹೆಸರು ಬಂತು. ಬಂದ ಗಿರಾಕಿಗೆಲ್ಲ ಮಂಜ ಹೇಳುವನು, ‘ನಮ್ಮಮ್ಮನ ಬೆರಳೇ ಥರ್ಮಾಮೀಟರು ಸಾರ್.’

ಆ ಬೆರಳಿನ ವಿಷಯವನ್ನೂ ಹೇಳಿಬಿಡುತ್ತೇನೆ. ಅವು ಸತ್ತು ಎಷ್ಟೋ ವರ್ಷವಾಗಿತ್ತು. ಗೂಡಿನ ನೀರಲ್ಲಿ ಬೆಂದೂ ಬೆಂದೂ ತುದಿ ದಡ್ಡುಗಟ್ಟಿ, ಬಿಸಿ ಯಾವುದು, ತಣ್ಣಗಿರುವುದು ಯಾವುದು ತಿಳಿಯುತ್ತಿರಲಿಲ್ಲ. ಹಬೆ ನೋಡಿ ಅಂದಾಜು ಮಾಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ — ಥರ್ಮಾಮೀಟರು ಅನ್ನಿಸಿಕೊಂಡವಳು ಹೇಗೆ ಹೇಳಲಿ.

ಸರೋಜ ತೊಂಡೇಬಾವಿಯ ಹೆಣ್ಣು. ಮೊದಮೊದಲು ಬೆಂಚಿನ ಹತ್ತಿರ ಟೀ ತಂದು ಕೊಡುತ್ತಿದ್ದಳು, ಆಮೇಲೆ ನಿಂತು ನೋಡತೊಡಗಿದಳು, ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು. ನನ್ನ ಹಾಗೆ ಇಡೀ ತುಂಡನ್ನು ನೀರಿಗೆ ಅದ್ದುತ್ತಿರಲಿಲ್ಲ. ಮಂಜನ ಬಿಸಿಗಾಳಿ ಗನ್ನು ಹಿಡಿದು, ಎದ್ದಿರುವ ಜಾಗಕ್ಕೆ ಮಾತ್ರ ಶಾಖ ಕೊಡುವಳು. ಅಂಚನ್ನು ಅರದಿಂದ ಎರಡೇ ಸಲ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜುವಳು. ತೂತು ಸೇರದಿದ್ದರೆ ಹೊಸದರ ತೂತನ್ನೇ ಒಂದಿಷ್ಟು ಅಗಲಿಸುವಳು, ಹಳೇ ಮರಕ್ಕೆ ಕೈ ಹಚ್ಚುತ್ತಿರಲಿಲ್ಲ.

‘ಮರಾನೇ ಒಂಚೂರು ಕೆತ್ತಿದ್ರೆ ಆಯ್ತಲ್ಲೇ, ಸಲೀಸು’ ಅಂದರೆ, ‘ಹೊಸದಾಗಿ ಬಂದಿದ್ದೇ ತಗ್ಗಬೇಕು ಅತ್ತೆ. ಸೊಸೆ ಇದ್ದಂಗೆ’ ಅಂದು ನಗುವಳು.

ಅವಳು ಮುಗಿಸಿದ ಮೇಲೆ ಸಂದು ಎಲ್ಲಿದೆ ಅಂತ ಹುಡುಕಬೇಕಾಗುತ್ತಿತ್ತು. ಮಂಜ ನನ್ನನ್ನು ಕರೆಯುವುದು ಕಮ್ಮಿಯಾಯಿತು. ಆಮೇಲೆ ನಿಂತೇ ಹೋಯಿತು. ನಾನು ಬಾಗಿಲಲ್ಲಿ ಕೂತು ಅವರೇಕಾಯಿ ಸುಲಿಯುತ್ತಾ ಅವಳ ಬೆನ್ನನ್ನೇ ನೋಡುತ್ತಿದ್ದೆ. ಅವಳು ನನಗೆ ಒಂದು ಕೆಟ್ಟ ಮಾತು ಆಡಿದವಳಲ್ಲ. ಆಡಿದ್ದರೆ — ಇಲ್ಲ, ಆ ದಾರಿಗೆ ಹೋಗುವುದಿಲ್ಲ.

ಚಿಂತಾಮಣಿಯ ಹೋಟೆಲಿನವರೊಬ್ಬರು ಜೋಡಿ ಪೆಟ್ಟಿಗೆ ತಂದಿಳಿಸಿದರು. ಒಂದಕ್ಕೆ ಪರದೆಯ ಸುತ್ತ ಕೂರುವ ಕಪ್ಪು ಚೌಕಟ್ಟು ಇತ್ತು, ಅದರ ಮೇಲೆ ಕೆಂಪು ಹಳದಿ ರಾಕೆಟ್ಟುಗಳ ಚಿತ್ರ. ಇನ್ನೊಂದಕ್ಕೆ ಚೌಕಟ್ಟೇ ಇಲ್ಲ. ‘ಹಳೇದು ಜೋಪಾನ ಕಣಪ್ಪ, ನಮ್ಮಪ್ಪ ಸಿನಿಮಾ ಟೆಂಟಿನ ಮುಂದೆ ಇಟ್ಟಿದ್ದ ಪೆಟ್ಟಿಗೆ ಇದು. ಅದಕ್ಕೇನಾದ್ರೂ ಆದ್ರೆ ನಾನು ನಿನ್ನ ಬಿಡಲ್ಲ’ ಅಂತ ಆ ಮನುಷ್ಯ ನಗುನಗುತ್ತಲೇ ಹೇಳಿ ಹೋದ. ಹಳೆಯದು ಗೌರಿಬಿದನೂರಿಗೆ ಹೋಗಿ ನಕಲಿನ ಜೊತೆಗೆ ವಾಪಸು ಬಂತು. ಎಂದಿನ ಹಾಗೆ ನಕಲು ಚಿಕ್ಕದು. ಹಳೆಯದರ ಒಂದು ಮೂಲೆಯೂ ಟ್ಯೂಬಿನ ಶಾಖಕ್ಕೆ ಸ್ವಲ್ಪ ಸೊಟ್ಟಗಾಗಿತ್ತು.

‘ಬಿಸಿನೀರಿಗೆ ಹಾಕಿದ್ರೆ ಆ ಮೂಲೆ ನೆಟ್ಟಗಾಗ್ತದೆ’ ಅಂದೆ ನಾನು.

‘ಬ್ಯಾಡಿ ಅತ್ತೆ. ಹಳೇದಕ್ಕೆ ಶಾಖ ತೋರಿಸಬಾರದು’ ಅಂದಳು ಸರೋಜ. ‘ಅದೇನು ಗೂಡಾ, ಎಳೆ ಬಿಚ್ಚಕ್ಕೆ.’

ಮಂಜ ನಕ್ಕ. ಅವಳೂ ನಕ್ಕಳು. ತಮಾಷೆಗೆ ಅಂದದ್ದು, ನನಗೂ ಗೊತ್ತಿತ್ತು. ಆದರೂ ನಾನು ನಗಲಿಲ್ಲ.

ಮಧ್ಯಾಹ್ನ ಮಂಜ ಸಾಮಾನು ತರಲು ಚಿಕ್ಕಬಳ್ಳಾಪುರಕ್ಕೆ ಹೋದ, ಸರೋಜ ಮಗಳನ್ನು ಸ್ಕೂಲಿನಿಂದ ಕರೆತರಲು ಹೋದಳು. ನಾನು ಹಂಡೆಗೆ ಉರಿ ಹಾಕಿದೆ. ಅವರು ಬರುವಷ್ಟರಲ್ಲಿ ಮೂಲೆ ನೆಟ್ಟಗೆ ಮಾಡಿ ಮುಖದ ಮುಂದೆ ಹಿಡಿಯಬೇಕು ಅಂತ. ನೀರಿಗೆ ಬೆರಳದ್ದಿದೆ. ಬೆರಳು ಏನೂ ಹೇಳಲಿಲ್ಲ. ಹಬೆ ನೋಡುವಷ್ಟು ತಾಳ್ಮೆಯೂ ಅವತ್ತು ಇರಲಿಲ್ಲ. ಚೌಕಟ್ಟನ್ನು ಅದ್ದಿಬಿಟ್ಟೆ.

ಹಳೇ ಪ್ಲಾಸ್ಟಿಕ್ಕಿಗೆ ಶಾಖ ಹತ್ತಿದರೆ ಅದು ಅಚ್ಚಿಗೆ ಬೀಳುವ ಮೊದಲಿನ ಹಾಳೆಯಾಗಲು ನೋಡುತ್ತದೆ. ಸರೋಜಳಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮೇಲೆತ್ತುವಷ್ಟರಲ್ಲಿ ಬಾಗಿದ್ದ ಅಂಚೆಲ್ಲ ಬಿಚ್ಚಿಕೊಂಡು, ನಡುವೆ ಮುದುಡಿ, ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಆಗಿತ್ತು. ರಾಕೆಟ್ಟುಗಳು ಸಿಪ್ಪೆ ಎದ್ದು ನನ್ನ ಅಂಗೈಗೆ ಅಂಟಿದವು.

ಆಗ ನಾನು ಏನು ಮಾಡಿದೆ — ಒರೆಸಿದೆ. ಸೆರಗಿನಿಂದ ನೀರೆಲ್ಲ ಒರೆಸಿ, ಬೆಂಚಿನ ಮೇಲಿಟ್ಟು, ಬಿಸಿಗಾಳಿ ಗನ್ನನ್ನು ಅದರ ಕಡೆಗೆ ಮುಖ ಮಾಡಿ ತಿರುಗಿಸಿದೆ. ಹಂಡೆಯ ಒಲೆಯಿಂದ ಸೌದೆ ಎಳೆದು ಆರಿಸಿದೆ. ಬಾಗಿಲಿಗೆ ಬಂದು ಅವರೇಕಾಯಿ ಮುಂದೆ ಕೂತೆ. 

ಸರೋಜ ಬಂದಳು, ನೋಡಿದಳು. ಮಗುವಿನ ಚೀಲ ಹೆಗಲಲ್ಲೇ ಇತ್ತು. ಹಿಂದೆ ಒಂದು ಸಲ ಅವಳು ಗನ್ನು ಆರಿಸುವುದನ್ನು ಮರೆತು ಚಾಪೆ ಸುಟ್ಟಿತ್ತು, ಮಂಜ ಬೈದಿದ್ದ. ಅದು ಅವಳಿಗೆ ನೆನಪಾಗಿರಬೇಕು. ನನ್ನ ಕಡೆ ತಿರುಗಿ, ‘ಅತ್ತೆ, ನಾನು ಸ್ವಿಚ್ ಆರಿಸೇ ಹೋಗಿದ್ನಲ್ವಾ?’ ಅಂದಳು.

ಅವಳು ನನ್ನ ಮೇಲೆ ಅನುಮಾನಪಟ್ಟಿದ್ದರೆ ಜಗಳಕ್ಕೆ ಬೀಳಬಹುದಿತ್ತು. ಅವಳು ನನ್ನನ್ನು ಸಾಕ್ಷಿ ಕೇಳಿದಳು.

‘ಬಿಸಿ ಇತ್ತು ಕಣಮ್ಮ’ ಅಂದೆ. ‘ಮುಟ್ಟಿ ನೋಡ್ದೆ. ನಾನೇ ಆರಿಸ್ದೆ.’

ಬಿಸಿಯೇ ತಿಳಿಯದ ಬೆರಳಿನವಳು ಹೇಳಿದ ಮಾತು ಅದು. ಅವಳು ಗನ್ನು ಮುಟ್ಟಿಯೂ ನೋಡಲಿಲ್ಲ. ನನ್ನ ಬೆರಳಿನ ಮೇಲೆ ಅಷ್ಟು ನಂಬಿಕೆ.

ಸಾಯಂಕಾಲ ಮಂಜ ಬಂದು ನೋಡಿ ತಲೆ ಹಿಡಿದುಕೊಂಡ. ‘ನಾನೇ ಮರೆತಿರಬೇಕು ರೀ’ ಅಂದಳು ಅವಳೇ. ‘ಇನ್ಮೇಲೆ ನೀನು ಬೆಂಚಿನ ಹತ್ರ ಬರಬ್ಯಾಡ’ ಅಂದ. ಅವಳು ಎದುರು ಮಾತಾಡುತ್ತಾಳೆ ಅಂದುಕೊಂಡಿದ್ದೆ. ಸರಿ ಅಂದಳು. ಅರ ಒರೆಸಿಟ್ಟು ಒಳಗೆ ಹೋದಳು, ಅಷ್ಟೇ. ಮತ್ತೆ ಆ ಕೆಲಸ ಮುಟ್ಟಲಿಲ್ಲ.

ಕೆಲಸ ಹೋದದ್ದು ಒಂದು. ಅದಕ್ಕಿಂತ ಹೆಚ್ಚಿನದು ಹೋಯಿತು — ಅವಳಿಗೆ ಅವಳ ಮೇಲಿನ ನಂಬಿಕೆ. ಬೀಗ ಹಾಕಿ ಬೀದಿಯ ಕೊನೆಗೆ ಹೋದವಳು ತಿರುಗಿ ಬಂದು ಎಳೆದು ನೋಡುತ್ತಾಳೆ. ಕೈವಾರಕ್ಕೆ ಎಲ್ಲರೂ ಹೊರಟಿದ್ದಾಗ, ಗ್ಯಾಸ್ ಆರಿಸಿಲ್ಲ ಅಂತ ನಡುದಾರಿಯಲ್ಲಿ ಬಸ್ಸಿಳಿದು ಒಬ್ಬಳೇ ವಾಪಸು ಬಂದಳು. ಗ್ಯಾಸ್ ಆರಿಸಿತ್ತು. ಮಂಜ ತಮಾಷೆ ಮಾಡುತ್ತಾನೆ. ಮೊಮ್ಮಗಳು, ‘ನಾನು ನೋಡಿದೀನಿ ಬಾಮ್ಮ, ಎಲ್ಲಾ ಆಫ್ ಆಗೈತೆ’ ಅಂತ ಅಮ್ಮನ ಕೈ ಹಿಡಿದು ಎಳೆಯುತ್ತಾಳೆ, ದೊಡ್ಡವಳು ಚಿಕ್ಕವಳನ್ನು ಎಳೆಯುವ ಹಾಗೆ. ನಾನು ನೋಡುತ್ತಾ ಕೂತಿರುತ್ತೇನೆ. ಹೇಳಬೇಕು ಅಂತ ಬಾಯಿ ತೆಗೆದು, ಸಾರಿಗೆ ಉಪ್ಪು ಕಮ್ಮಿ ಅಂದು ಮುಚ್ಚಿದ್ದುಂಟು.

ಮೊನ್ನೆ ಅವಳು ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದಳು. ‘ಅತ್ತೆ, ನನ್ನ ತಲೇಲೇ ಏನೋ ತೊಂದರೆ ಇರಬೇಕು. ಚಿಕ್ಕಬಳ್ಳಾಪುರಕ್ಕೆ ಹೋಗಿ ಡಾಕ್ಟ್ರಿಗೆ ತೋರಿಸ್ಲಾ? ನಿಮ್ಮ ಮಗನಿಗೆ ಹೇಳಬ್ಯಾಡಿ.’

ಸೋಮವಾರ ಹೋಗುತ್ತಾಳಂತೆ. ಅದಕ್ಕೆ ಮೊದಲು ಈ ಹಾಳೆಗಳನ್ನು ಅವಳ ಕೈಗೆ ಕೊಡುತ್ತೇನೆ, ಅವಳು ಓದಿದ ಮೇಲೆ ಮಂಜನಿಗೂ. ಬಾಯಲ್ಲಿ ಹೇಳಿದರೆ ಅರ್ಧದಲ್ಲಿ ಅಳುತ್ತೇನೋ, ನನ್ನನ್ನೇ ಅವಳು ಸಮಾಧಾನ ಮಾಡುತ್ತಾಳೋ ಅಂತ ಬರೆದೆ. ಅವಳು ಸಮಾಧಾನ ಮಾಡುವುದು ಬೇಡ. ನನ್ನ ಜೊತೆ ಮಾತು ಬಿಟ್ಟರೆ ಬಿಡಲಿ. ಅವಳ ತಲೆಯಲ್ಲಿ ಏನೂ ಕೆಟ್ಟಿಲ್ಲ — ಅದು ಗೊತ್ತಾದರೆ ಸಾಕು.

ಇನ್ನೊಂದು ಉಳಿದಿದೆ. ಇಷ್ಟು ಹೊತ್ತೂ ಅದರ ಸುತ್ತಲೇ ತಿರುಗಿದೆ. ಅದು ಮಾರನೆಯ ದಿನದ್ದು.

ಬೆಳಿಗ್ಗೆ ಎದ್ದವಳೇ ನಾನು ಹೋಗಿ ಅವಳ ಸ್ಟೂಲಿನ ಮೇಲೆ ಕೂತೆ. ಬೆಂಚಿನ ಕೆಳಗೆ ಒಂದು ರಟ್ಟು ಸಿಕ್ಕಿತು. ಹಳೇ ಚೌಕಟ್ಟು ಕೆಡುವುದಕ್ಕೆ ಮೊದಲೇ ಸರೋಜ ಅದನ್ನು ರಟ್ಟಿನ ಮೇಲಿಟ್ಟು, ಸುತ್ತ ಗೆರೆ ಎಳೆದು, ತೂತುಗಳನ್ನೂ ಗುರುತು ಮಾಡಿ, ಕತ್ತರಿಸಿ ಇಟ್ಟಿದ್ದಳು. ನನಗೆ ಅದರ ಅಳತೆ ಎಲ್ಲಿಂದ ಬರಬೇಕು? ಆ ರಟ್ಟನ್ನೇ ಹಿಡಿದು ನಕಲಿನ ಮೇಲೆ ಗೆರೆ ಹಾಕಿದೆ. ಎದ್ದಿರುವ ಜಾಗಕ್ಕೆ ಮಾತ್ರ ಶಾಖ, ಎರಡು ಸಲ ಅರ, ಮತ್ತೆ ಕೂರಿಸಿ ನೋಡುವುದು — ಎಲ್ಲ ಅವಳು ಮಾಡುತ್ತಿದ್ದ ಹಾಗೆಯೇ. ಕೂತಿತು. ಸಂದು ಕಾಣದ ಹಾಗೆ ಕೂತಿತು. ಮಂಜ ಬಂದು ಅಂಚಿನ ಉದ್ದಕ್ಕೂ ಉಗುರು ಎಳೆದು ನೋಡಿ, ಒಳಗಿದ್ದ ಸರೋಜಳಿಗೆ ಕೇಳುವಷ್ಟು ಜೋರಾಗಿ, ‘ಇದಪ್ಪ ಕೈ ಅಂದ್ರೆ’ ಅಂದ. ನಾನು ರಟ್ಟನ್ನು ನಾಲ್ಕು ಮಡಿಕೆ ಮಾಡಿ ಹಂಡೆಯ ಒಲೆಗೆ ಹಾಕಿದೆ.