ಗರಗಸ ಹಟ ಹಿಡಿದ ಮಧ್ಯಾಹ್ನ

ನಿವೃತ್ತಳಾದ ಮೇಲೆ ನನಗೆ ಬಡಗಿ ಕೆಲಸದ ಹುಚ್ಚು ಹಿಡಿಯಿತು. ಶಾಲೆಯಲ್ಲಿ ಭೂಗೋಳ ಕಲಿಸಿಕೊಂಡಿದ್ದವಳು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಕುರ್ಲಾದ ಹಳೆ ಸಾಮಾನಿನ ಅಂಗಡಿಗೆ ಹೋಗಿ ಕರೆಂಟಿನ ಗರಗಸವೊಂದನ್ನು ತಂದುಬಿಟ್ಟೆ. ಲೋಕಲ್ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಅಷ್ಟು ಜಾಗ ನನಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಅಂಧೇರಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯೇ ನನ್ನ ಕಾರ್ಖಾನೆ. ಮಧ್ಯಾಹ್ನ ಊಟವಾದ ಮೇಲೆ ಗರಗಸ ಹಚ್ಚುತ್ತಿದ್ದೆ. ಹಚ್ಚಿದ ಕೂಡಲೇ ಕೆಳಗಿನ ಮನೆಯ ಅಜ್ಜಿ ಕೋಲಿನಿಂದ ತಮ್ಮ ಸೀಲಿಂಗ್‌ಗೆ ಕುಟ್ಟುತ್ತಿದ್ದರು. ವಿಜಯಪುರದ ಕಡೆಯವರು, ಒಂಟಿ ಜೀವ. ಲಿಫ್ಟಿನಲ್ಲಿ ಸಿಕ್ಕಾಗ ಮುಖ ನೋಡುವ ಧೈರ್ಯ ನನಗಾಗಲಿ, ನನ್ನ ಗಂಡನಿಗಾಗಲಿ ಇರಲಿಲ್ಲ. ಹಾಗೆಂದು ನಾನು ಕೊಯ್ಯುವುದನ್ನೇನೂ ಬಿಡಲಿಲ್ಲ.

ಆ ದಿನ ಚಪ್ಪಲಿ ಸ್ಟ್ಯಾಂಡಿಗಾಗಿ ಪ್ಲೈವುಡ್ ಕೊಯ್ಯುತ್ತಿದ್ದೆ. ಅರ್ಧ ಕೊಯ್ದಾಗ ಗರಗಸ ಗಪ್ಪನೆ ನಿಂತಿತು. ಗುಂಡಿ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಉಸಿರಿಲ್ಲ.

ನನ್ನ ಗಂಡ ಉಡುಪಿಯವರು. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದರು. ಅಲ್ಲಿನ ಗ್ರೈಂಡರುಗಳೆಲ್ಲ ತಮ್ಮ ಕೈಗುಣದಿಂದಲೇ ತಿರುಗುತ್ತಿದ್ದವು ಎಂಬುದು ಅವರ ನಂಬಿಕೆ.

"ಇದು ಎಂತದ್ದೂ ಇಲ್ಲ ಮಾರಾಯ್ತಿ, ಪ್ಲಗ್ಗಿಂದೇ ಪ್ರಾಬ್ಲಮ್," ಎಂದು ಪ್ಲಗ್ ಕಿತ್ತು, ಅದೇ ಜಾಗಕ್ಕೆ ಟೇಬಲ್ ಫ್ಯಾನ್ ಹಚ್ಚಿದರು. ಫ್ಯಾನು ರಭಸದಿಂದ ತಿರುಗಿ ಬಾಲ್ಕನಿಯ ಮರದ ಹೊಟ್ಟನ್ನೆಲ್ಲ ಅವರ ಮುಖಕ್ಕೆ ಎರಚಿತು. ಕರೆಂಟ್ ಇದೆ ಎಂಬುದಂತೂ ಖಾತ್ರಿಯಾಯಿತು.

ಕಣ್ಣು ತೊಳೆದುಕೊಂಡು ಬಂದು ವಯರ್ ಪರೀಕ್ಷಿಸಿದರು. ಎಲ್ಲೂ ತುಂಡಾಗಿರಲಿಲ್ಲ. ಗರಗಸವನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು, ತೆಂಗಿನಕಾಯಿ ಆರಿಸುವವರ ಹಾಗೆ.

"ಏನಾದರೂ ಕೇಳಿಸಿತಾ?" ಎಂದೆ.

"ಸ್ವಲ್ಪ ಬಿಸಿಯಾಗಿದೆ. ರೆಸ್ಟ್ ಬೇಕು ಅದಕ್ಕೆ," ಎಂದು ಹೇಳಿ ತಾವೇ ಹೋಗಿ ಮಲಗಿದರು.

ಒಂದು ಗಂಟೆ ಕಳೆದು ಒತ್ತಿ ನೋಡಿದೆ. ಆಗಲೂ ಸದ್ದಿಲ್ಲ. ಅಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆಯಿತು. ಬಾಗಿಲು ತೆರೆದರೆ ಕೆಳಗಿನ ಅಜ್ಜಿ! ಕೈಯಲ್ಲಿ ಕೋಲೂ ಇತ್ತು.

"ಯಾಕವ್ವಾ, ನಿಂತ್ ಹೋತೇನು?" ಎಂದರು.

"ಹೌದು ಅಜ್ಜಿ. ನಿಮಗೆ ದಿನಾ ತೊಂದರೆ ಕೊಟ್ಟೆ, ತಪ್ಪಾಯಿತು."

"ತೊಂದ್ರಿ ಏನು ಬಂತು! ಗದ್ಲಕ್ಕ ನಾ ಕೋಲಿಲೆ ಬಡದಿಲ್ಲ. ಎಂಟ್ ದಿನದಿಂದ ಆ ಮೋಟಾರ್ ನರಳಾಕತ್ತೇತಿ. ನಿಂದರ್ಸ್ರಿ, ನಿಂದರ್ಸ್ರಿ ಅಂತ ಬಡದ್ರ ನೀವು ಇನ್ನಾ ಜೋರ್ ಮಾಡ್ತಿದ್ರಿ."

ಅಜ್ಜಿ ಕುರ್ಲಾದ ವರ್ಕ್‌ಶಾಪಿನಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಲೇ ಮಕ್ಕಳನ್ನು ಬೆಳೆಸಿದವರು ಎಂದು ನನಗೆ ತಿಳಿದದ್ದು ಆವಾಗ. ನಾಲ್ಕು ವರ್ಷ ಒಂದೇ ಲಿಫ್ಟಿನಲ್ಲಿ ಓಡಾಡಿದ್ದೆವು!

ಅವರು ಬಾಲ್ಕನಿಯ ನೆಲದ ಮೇಲೆ ಕೂತರು. ಮೊದಲು ಪ್ಲಗ್ ಕಿತ್ತಿದೆಯೋ ಇಲ್ಲವೋ ನೋಡಿದರು. ಗರಗಸವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ಸುಟ್ಟ ನಾತ ಇಲ್ಲ. ಕಾಯಿಲ್ ಚಲೋ ಐತಿ. ಕಿಡಿ ಭಾಳ ಹಾರ್ತಿದ್ದುವೇನು?"

"ಹಾರುತ್ತಿದ್ದವು. ಜೋರಾಗಿ ಕೆಲಸ ಮಾಡುತ್ತಿದೆ ಅಂದುಕೊಂಡಿದ್ದೆ."

ಅಜ್ಜಿ ನನ್ನ ಮುಖವನ್ನೇ ನೋಡಿದರು. ಶಾಲೆಯಲ್ಲಿ ನಾನು ಎಷ್ಟೋ ಮಕ್ಕಳನ್ನು ಹಾಗೆ ನೋಡಿದ್ದೆ.

ಆಮೇಲೆ ಗರಗಸದ ಎರಡು ಬದಿಯ ದುಂಡನೆಯ ಮುಚ್ಚಳಗಳನ್ನು ನಾಣ್ಯದಿಂದ ತಿರುಗಿಸಿ ತೆಗೆದರು. ಚಿಮ್ಮಿ ಬಂದ ಸ್ಪ್ರಿಂಗ್‌ಗಳ ತುದಿಯಲ್ಲಿ ಕಪ್ಪು ಚೂರುಗಳಿದ್ದವು. ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್‌ಗಳು ಅವು. ಸವೆದೂ ಸವೆದೂ ತೊಗರಿ ಬೇಳೆಯಷ್ಟಾಗಿದ್ದವು.

ನಿದ್ದೆಯಿಂದೆದ್ದ ಗಂಡನನ್ನು ಆ ಚೂರುಗಳ ಸಮೇತ ಸ್ಟೇಷನ್ ಹತ್ತಿರದ ಅಂಗಡಿಗೆ ಅಟ್ಟಿದೆವು. ತಂದದ್ದು ಒಂದು ಸೈಜ್ ದೊಡ್ಡದು.

"ಮಿಕ್ಸರಿಂದಂತೆ. ಎಲ್ಲದಕ್ಕೂ ಚಲ್ತಾ ಹೈ ಅಂದ ಅವನು," ಎಂದರು.

ಅಜ್ಜಿ ಬೈಯಲಿಲ್ಲ. ಉಪ್ಪುಕಾಗದ ಕೇಳಿ ತೆಗೆದುಕೊಂಡು, ನೆಲದ ಮೇಲೆ ಹಾಸಿ, ಕಾರ್ಬನ್ನನ್ನು ನಿಧಾನವಾಗಿ ತೇಯತೊಡಗಿದರು. ಎರಡು ಸಲ ಉಜ್ಜುವುದು, ತೂರಿಸಿ ನೋಡುವುದು, ಮತ್ತೆ ಉಜ್ಜುವುದು. ಬೆರಳುಗಳು ಸೊಟ್ಟಗಾಗಿದ್ದರೂ ನಡುಗುತ್ತಿರಲಿಲ್ಲ. ನನ್ನ ಗಂಡ ಬಗ್ಗಿ ನೋಡುತ್ತಾ, "ನಮ್ಮ ಹೋಟೆಲಲ್ಲೂ ಹೀಗೇ ಮಾಡ್ತಿದ್ದೆವು," ಎಂದರು. ಅಜ್ಜಿ ತಲೆಯೆತ್ತದೆ, "ಹಂಗಾರ ಚಾ ಮಾಡಾಕೂ ಬರ್ತಿರಬೇಕಲ್ರಿ ನಿಮಗ," ಎಂದರು. ಗಂಡ ಅಡುಗೆಮನೆಗೆ ಹೋದರು.

ಚಹಾ ಬರುವಷ್ಟರಲ್ಲಿ ಮುಚ್ಚಳಗಳು ಕೂತಿದ್ದವು. ಪ್ಲಗ್ ಹಚ್ಚಿ ಗುಂಡಿ ಒತ್ತಿದೆ. ಗರಗಸ ಎಂಥ ಸದ್ದು ಮಾಡಿತೆಂದರೆ ಗಂಡ ಟ್ರೇಯಲ್ಲೇ ಅರ್ಧ ಚಹಾ ಚೆಲ್ಲಿದರು. ಅಜ್ಜಿ ಕಣ್ಣುಮುಚ್ಚಿ ಕೇಳಿದರು. "ಈಗ ನೋಡು, ದನಿ ಬಂತು."

ಏನು ಕೊಡಲಿ ಎಂದು ನಾನು ಕೇಳುವ ಮೊದಲೇ ಅವರು ತಾವೇ ಬಾಯಿಬಿಟ್ಟರು. ಮಗ ತಂದುಕೊಟ್ಟ ಕುರ್ಚಿ ಬಹಳ ಎತ್ತರ, ಕೂತರೆ ಕಾಲು ನೆಲಕ್ಕೆ ಮುಟ್ಟುವುದಿಲ್ಲ, ಜೋಲಾಡಿ ಜೋಲಾಡಿ ಜುಮ್ಮೆನ್ನುತ್ತವೆ. ಮಗನಿಗೆ ಹೇಳಿದರೆ ನೊಂದುಕೊಳ್ಳುತ್ತಾನೆ ಎಂದು ಸುಮ್ಮನಿದ್ದರಂತೆ.

ಮರುದಿನ ಆ ಕುರ್ಚಿಯನ್ನು ನಮ್ಮ ಬಾಲ್ಕನಿಗೆ ತಂದು ನಾಲ್ಕು ಕಾಲನ್ನೂ ನಾಲ್ಕು ನಾಲ್ಕು ಬೆರಳು ಕೊಯ್ದೆ. ಅಜ್ಜಿ ಕೂತು, ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಬೆರಳು ಆಡಿಸಿದರು. ಆಮೇಲೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ವಾಲಿದರು. ಕುರ್ಚಿ ಟಕ್ ಟಕ್ ಎಂದಿತು.

"ಒಂದು ಕಾಲು ಸ್ವಲ್ಪ ಗಿಡ್ಡವಾಯಿತೇನೋ ಅಜ್ಜಿ, ಇನ್ನೊಮ್ಮೆ ಕೊಯ್ಯಲಾ?"

"ಬ್ಯಾಡ ತಂಗಿ, ನಿನ್ ಕೈಗೆ ಕೊಟ್ರ ಕುಂದ್ರೊ ಮಣಿ ಮಾಡಿಬಿಡ್ತಿ," ಎಂದು, ಬಿದ್ದಿದ್ದ ಪ್ಲೈವುಡ್ ಚೂರೊಂದನ್ನು ಆ ಕಾಲಿನ ಕೆಳಗೆ ತುರುಕಿ ಹಾಯಾಗಿ ಕೂತರು.